ಪಹಣಿ ಯಾರ ಹೆಸರಲ್ಲಿದೆ? ದಾವಣಗೆರೆಯಲ್ಲಿ ಕೂತು ಅಮೆರಿಕದ ಒಕ್ಕೂಟ ವ್ಯವಸ್ಥೆ ಓದುವ ಬಗೆ

ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿರಲಿ, ಕೆಎಎಸ್‌ಗೆ ತಯಾರಾಗುತ್ತಿರುವವರಿರಲಿ, ‘ಅಮೆರಿಕದ ಸಂಯುಕ್ತ ವ್ಯವಸ್ಥೆಯ ಲಕ್ಷಣಗಳನ್ನು ವಿವರಿಸಿ’ ಅಂದರೆ ಬರೆಯುವುದು ಹೆಚ್ಚೂಕಡಿಮೆ ಒಂದೇ: ಲಿಖಿತ ಸಂವಿಧಾನ, ಅಧಿಕಾರ ಹಂಚಿಕೆ, ಸಂವಿಧಾನದ ಪಾರಮ್ಯ, ಸ್ವತಂತ್ರ ನ್ಯಾಯಾಂಗ. ನಾಲ್ಕು ಅಂಶ, ನಾಲ್ಕು ಪ್ಯಾರಾ. ಇದರಲ್ಲಿ ಅಮೆರಿಕ ಅಳಿಸಿ ಆಸ್ಟ್ರೇಲಿಯಾ ಅಂತ ಬರೆದರೂ ಉತ್ತರ ಹಾಗೇ ನಿಲ್ಲುತ್ತದೆ. ಅಂಥ ಉತ್ತರಕ್ಕೆ ಅರ್ಧ ಅಂಕ ಬಂದರೆ ಅದು ಮೌಲ್ಯಮಾಪಕರ ಔದಾರ್ಯ.

ಹೊಲದ ತಕರಾರು ತಾಲ್ಲೂಕು ಕಚೇರಿಗೆ ಬಂದರೆ ಅಲ್ಲಿ ಯಾರೂ ‘ಜಮೀನಿನ ಲಕ್ಷಣಗಳೇನು’ ಅಂತ ಕೇಳುವುದಿಲ್ಲ. ಪಹಣಿ ತೆಗೆಯಿರಿ ಅನ್ನುತ್ತಾರೆ. 9ನೇ ಕಾಲಂನಲ್ಲಿ ಹೆಸರು ಯಾರದು, 11ನೇ ಕಾಲಂನಲ್ಲಿ ಋಣ ಏನಿದೆ, ಇಷ್ಟು ನೋಡಿದ ಮೇಲೆ ಉಳಿದ ಮಾತು. ಅಮೆರಿಕದ ಸಂವಿಧಾನ ಓದುವ ದಾರಿಯೂ ಇದೇ. ಯಾವ ಅಧಿಕಾರದ ವಿಷಯ ಬಂದರೂ ‘ಇದರ ಪಹಣಿ ಯಾರ ಹೆಸರಲ್ಲಿದೆ, ಎಲ್ಲಿ ಬರೆದಿದೆ’ ಅಂತ ಕೇಳಬೇಕು. ಅಲ್ಲಿನ ವಿಶೇಷವೆಂದರೆ ಪಹಣಿ ತೋರಿಸಬೇಕಾದ ಹೊಣೆ ಕೇಂದ್ರದ್ದು. ರಾಜ್ಯ ಏನನ್ನೂ ತೋರಿಸಬೇಕಿಲ್ಲ. ಬೇರೆಯವರಿಗೆ ಬರೆದುಕೊಡದೆ ಉಳಿದದ್ದೆಲ್ಲ ಅದರದೇ. ನಮ್ಮಲ್ಲಿ ಇದು ತಿರುಗುಮುರುಗು. ಪಟ್ಟಿಯಲ್ಲಿ ಇಲ್ಲದ ವಿಷಯ 248ನೇ ವಿಧಿಯ ಪ್ರಕಾರ ಸಂಸತ್ತಿಗೆ ಹೋಗುತ್ತದೆ.

ಈ ವ್ಯತ್ಯಾಸ ಯಾಕೆ ಬಂತು ಅನ್ನುವುದನ್ನು ಎರಡು ಸಾಲಿನಲ್ಲಿ ಹಿಡಿದಿಟ್ಟುಕೊಳ್ಳಿ. ಅಲ್ಲಿ 13 ರಾಜ್ಯಗಳು ಮೊದಲೇ ಇದ್ದವು. 1787ರಲ್ಲಿ ರೋಡ್ ಐಲ್ಯಾಂಡ್ ಬಿಟ್ಟು ಉಳಿದವು ಫಿಲಡೆಲ್ಫಿಯಾದಲ್ಲಿ ಸೇರಿ ತಮ್ಮ ಕೈಲಿದ್ದದ್ದರಲ್ಲಿ ಸ್ವಲ್ಪ ತೆಗೆದು ಕೇಂದ್ರಕ್ಕೆ ಕೊಟ್ಟವು. ಅದಕ್ಕೂ ಮೊದಲು, 1781ರಿಂದ ಜಾರಿಯಲ್ಲಿದ್ದ ಒಕ್ಕೂಟ ಒಪ್ಪಂದದಲ್ಲಿ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ರಾಜ್ಯಗಳ ಮುಂದೆ ಕೈಚಾಚಬೇಕಿತ್ತು, ಒಪ್ಪಂದದ ಒಂದು ಅಕ್ಷರ ಬದಲಿಸಲೂ 13 ರಾಜ್ಯಗಳು ಒಪ್ಪಬೇಕಿತ್ತು. ಆ ಕಷ್ಟ ನೀಗಲೆಂದೇ ಹೊಸ ಸಂವಿಧಾನ ಹುಟ್ಟಿತು. ಹಾಗಾಗಿ ಕೇಂದ್ರಕ್ಕೆ ಕೊಟ್ಟದ್ದನ್ನು ಎಣಿಸಿ ಬರೆದರು, ಕೊಡದೆ ಇಟ್ಟುಕೊಂಡದ್ದನ್ನು ಬರೆಯುವ ಗೋಜಿಗೆ ಹೋಗಲಿಲ್ಲ.

ಮೊದಲು ಪದಗಳ ಕಳೆ ಕೀಳಿ

ಕನ್ನಡದಲ್ಲಿ ಓದುವವರು ಎಡವುವುದು ವಿಷಯಕ್ಕಿಂತ ಹೆಚ್ಚಾಗಿ ಅನುವಾದದಲ್ಲಿ. ನೋಟ್ಸ್‌ಗೆ ಕೈ ಹಾಕುವ ಮೊದಲು ಈ ಐದಾರು ಪದ ಸರಿಮಾಡಿಕೊಂಡರೆ ಮುಂದಿನ ಅರ್ಧ ತಪ್ಪು ತಾನಾಗಿ ಹೋಗುತ್ತದೆ.

ಗವರ್ನರ್ ಅಂದರೆ ರಾಜ್ಯಪಾಲ ಅಂತ ಬರೆಯಬೇಡಿ. ಅಲ್ಲಿನ ಗವರ್ನರ್ ಜನರಿಂದ ನೇರವಾಗಿ ಆಯ್ಕೆಯಾದವರು, ಕೆಲಸದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಹೆಚ್ಚಿನ ಕಡೆ ಅವಧಿ 4 ವರ್ಷ. ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್‌ಗಳಲ್ಲಿ 2. ಅಧ್ಯಕ್ಷರು ಅವರನ್ನು ನೇಮಿಸುವುದೂ ಇಲ್ಲ, ವಜಾ ಮಾಡುವುದೂ ಇಲ್ಲ. ‘ರಾಜ್ಯಪಾಲರು’ ಅಂತ ಒಮ್ಮೆ ಬರೆದರೆ ಓದುವವರ ತಲೆಯಲ್ಲಿ ರಾಜಭವನ ಬಂದು ಕೂರುತ್ತದೆ, ಆಮೇಲೆ ಬರೆದದ್ದೆಲ್ಲ ಅಡ್ಡದಾರಿ ಹಿಡಿಯುತ್ತದೆ.

ಕಾಂಗ್ರೆಸ್ ಅಂದರೆ ಅಲ್ಲಿನ ಸಂಸತ್ತು. ಪರೀಕ್ಷೆಯಲ್ಲಿ ‘ಅಮೆರಿಕದ ಕಾಂಗ್ರೆಸ್’ ಅಂತಲೇ ಬರೆಯಿರಿ, ನಮ್ಮೂರಲ್ಲಿ ಬರೀ ಕಾಂಗ್ರೆಸ್ ಅಂದರೆ ಬೇರೆ ಅರ್ಥ. ಸೆಕ್ರೆಟರಿ ಆಫ್ ಸ್ಟೇಟ್ ಅನ್ನುವ ಹುದ್ದೆ ಎರಡಿದೆ: ಕೇಂದ್ರದಲ್ಲಿ ಅದು ವಿದೇಶಾಂಗ ಮಂತ್ರಿ, ರಾಜ್ಯದಲ್ಲಿ ಬಹುತೇಕ ಕಡೆ ಚುನಾವಣೆ ನೋಡಿಕೊಳ್ಳುವವರು. ಕೌಂಟಿಯನ್ನು ಜಿಲ್ಲೆ ಅನ್ನಬಹುದು, ಆದರೆ ಅದಕ್ಕೆ ನಮ್ಮ ಜಿಲ್ಲಾಧಿಕಾರಿಯಂಥ ಮೇಲಿನಿಂದ ಬಂದ ಅಧಿಕಾರಿ ಇಲ್ಲ. ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರಿಫ್ ಕೂಡ ಸಾಮಾನ್ಯವಾಗಿ ಓಟು ಪಡೆದು ಬಂದವರು.

ಇನ್ನು ಆರ್ಟಿಕಲ್. ನಮ್ಮದು 395 ವಿಧಿಗಳಿಂದ ಶುರುವಾದ ಸಂವಿಧಾನ, ಅಲ್ಲಿ ಒಟ್ಟು ಆರ್ಟಿಕಲ್ 7. ಹಾಗಾಗಿ ಅವರ ಒಂದು ಆರ್ಟಿಕಲ್ ನಮ್ಮ ಒಂದು ‘ಭಾಗ’ದಷ್ಟು ದೊಡ್ಡದು, ಅದರೊಳಗೆ ಸೆಕ್ಷನ್, ಸೆಕ್ಷನ್‌ನೊಳಗೆ ಉಪವಿಧಿ. ‘1ನೇ ಆರ್ಟಿಕಲ್, 8ನೇ ಸೆಕ್ಷನ್, 3ನೇ ಉಪವಿಧಿ’ ಅಂತ ಮೂರು ಹಂತದಲ್ಲಿ ಬರೆಯುವ ಅಭ್ಯಾಸ ಮಾಡಿ.

ಓದುವ ಕ್ರಮ

ಮೂಲ ಸಂವಿಧಾನ ಸುಮಾರು ನಾಲ್ಕೂವರೆ ಸಾವಿರ ಪದ, ತಿದ್ದುಪಡಿ 27. ಒಂದು ಸಂಜೆಯಲ್ಲಿ ಮುಗಿಯುತ್ತದೆ, ಗೈಡ್ ಬೇಕಿಲ್ಲ. ಆದರೆ ಮೊದಲ ಪುಟದಿಂದ ಕೊನೆಯ ಪುಟಕ್ಕೆ ಓದಬೇಡಿ. ಒಕ್ಕೂಟ ವ್ಯವಸ್ಥೆ ತಿಳಿಯಬೇಕಾದವರಿಗೆ ಕ್ರಮ ಬೇರೆ.

ಮೊದಲು 1ನೇ ಆರ್ಟಿಕಲ್‌ನ 8ನೇ ಸೆಕ್ಷನ್. ಇದೇ ಕೇಂದ್ರದ 9ನೇ ಕಾಲಂ. 18 ಉಪವಿಧಿಗಳಿವೆ: ತೆರಿಗೆ, ಸಾಲ, ರಾಜ್ಯ-ರಾಜ್ಯಗಳ ನಡುವಿನ ವ್ಯಾಪಾರ, ನಾಣ್ಯ, ಅಂಚೆ, ಯುದ್ಧ ಘೋಷಣೆ, ಸೇನೆ ಹೀಗೆ. ಪೆನ್ಸಿಲಿನಲ್ಲಿ ಮೂರಕ್ಕೆ ಗುರುತು ಹಾಕಿ. 1ನೆಯದು ತೆರಿಗೆ ಮತ್ತು ಖರ್ಚು, 3ನೆಯದು ವ್ಯಾಪಾರ, 18ನೆಯದು ‘ಈ ಅಧಿಕಾರಗಳನ್ನು ಜಾರಿಗೆ ತರಲು ಅಗತ್ಯ ಮತ್ತು ಯುಕ್ತವಾದ’ ಕಾನೂನು ಮಾಡುವ ಅಧಿಕಾರ. ಇನ್ನೂರು ವರ್ಷದ ಜಗಳವೆಲ್ಲ ಬಹುಪಾಲು ಈ ಮೂರರ ಸುತ್ತಲೇ.

ಆಮೇಲೆ 9 ಮತ್ತು 10ನೇ ಸೆಕ್ಷನ್. ಇವು 11ನೇ ಕಾಲಂ ಇದ್ದಂತೆ, ಹೆಸರಿದ್ದರೂ ಏನು ಮಾಡುವಂತಿಲ್ಲ ಅನ್ನುವ ಬಂಧನಗಳು. 9ನೆಯದು ಕೇಂದ್ರಕ್ಕೆ: ರಫ್ತಿನ ಮೇಲೆ ತೆರಿಗೆ ಇಲ್ಲ, ಹಿಂದಿನ ಕೃತ್ಯಕ್ಕೆ ಈಗ ಮಾಡಿದ ಕಾನೂನಿನಿಂದ ಶಿಕ್ಷೆ ಇಲ್ಲ, ಪದವಿ-ಬಿರುದು ಇಲ್ಲ. 10ನೆಯದು ರಾಜ್ಯಗಳಿಗೆ: ಹೊರದೇಶದ ಜತೆ ಒಪ್ಪಂದ ಇಲ್ಲ, ನಾಣ್ಯ ಟಂಕಿಸುವಂತಿಲ್ಲ, ಅಮೆರಿಕದ ಕಾಂಗ್ರೆಸ್ ಒಪ್ಪದೆ ಒಂದು ರಾಜ್ಯ ಇನ್ನೊಂದರ ಜತೆ ಕರಾರು ಮಾಡುವಂತಿಲ್ಲ.

ಮೂರನೆಯದಾಗಿ 6ನೇ ಆರ್ಟಿಕಲ್‌ನ 2ನೇ ಉಪವಿಧಿ, ಪಾರಮ್ಯದ ಮಾತು, ಅಂದರೆ ಡಿಕ್ಕಿಯಾದರೆ ಯಾವ ಕಾನೂನು ಮೇಲು ಅನ್ನುವುದು. ನಾಲ್ಕನೆಯದು 1791ರ 10ನೇ ತಿದ್ದುಪಡಿ: ಕೇಂದ್ರಕ್ಕೆ ಕೊಡದ, ರಾಜ್ಯಕ್ಕೆ ನಿಷೇಧಿಸದ ಅಧಿಕಾರ ರಾಜ್ಯಗಳದ್ದು ಅಥವಾ ಜನರದ್ದು. ಇಲ್ಲಿ ಒಂದು ಪದ ಇಲ್ಲದಿರುವುದನ್ನು ಗಮನಿಸಿ. ಹಳೆಯ ಒಕ್ಕೂಟ ಒಪ್ಪಂದದಲ್ಲಿ ‘ಸ್ಪಷ್ಟವಾಗಿ’ ಕೊಡದ ಅಧಿಕಾರ ಅಂತಿತ್ತು. 10ನೇ ತಿದ್ದುಪಡಿಯಲ್ಲಿ ‘ಸ್ಪಷ್ಟವಾಗಿ’ ಇಲ್ಲ. 1819ರ ಮೆಕಲಕ್ ವಿರುದ್ಧ ಮೇರಿಲ್ಯಾಂಡ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಇದೇ ಎಳೆ ಹಿಡಿದರು: ಬ್ಯಾಂಕ್ ಸ್ಥಾಪಿಸುವ ಅಧಿಕಾರ ಪಟ್ಟಿಯಲ್ಲಿ ಇಲ್ಲದಿದ್ದರೂ ತೆರಿಗೆ, ಸಾಲ, ಸೇನೆಯ ಅಧಿಕಾರ ನಡೆಸಲು ಅದು ಸಾಧನ, ಹಾಗಾಗಿ 18ನೇ ಉಪವಿಧಿಯಡಿ ಸಿಂಧು. ಅದೇ ಉಸುರಿನಲ್ಲಿ, ಆ ಬ್ಯಾಂಕಿನ ಬಾಲ್ಟಿಮೋರ್ ಶಾಖೆಯ ಮೇಲೆ ಮೇರಿಲ್ಯಾಂಡ್ ರಾಜ್ಯ ಹಾಕಿದ್ದ ತೆರಿಗೆಯನ್ನೂ ರದ್ದು ಮಾಡಿದರು. ಒಂದು ತೀರ್ಪು, ಎರಡು ಪಾಠ. ಒಂದೇ ಪ್ರಕರಣ ನೆನಪಿಟ್ಟುಕೊಳ್ಳಲು ಜಾಗ ಇದ್ದರೆ ಇದನ್ನೇ ಇಟ್ಟುಕೊಳ್ಳಿ.

ಕೊನೆಗೆ 1868ರ 14ನೇ ತಿದ್ದುಪಡಿ. ಅದಕ್ಕೂ ಮೊದಲು ಹಕ್ಕುಗಳ ಮಸೂದೆ ಅನ್ನುವ ಮೊದಲ 10 ತಿದ್ದುಪಡಿಗಳು ಕೇಂದ್ರವನ್ನು ಮಾತ್ರ ಕಟ್ಟಿಹಾಕುತ್ತಿದ್ದವು. 1833ರ ಬ್ಯಾರನ್ ಪ್ರಕರಣ ಅದನ್ನೇ ಹೇಳಿತ್ತು. 14ನೇ ತಿದ್ದುಪಡಿಯ ಮೂಲಕ, ಅದೂ ಹೆಚ್ಚಾಗಿ 20ನೇ ಶತಮಾನದಲ್ಲಿ ಒಂದೊಂದೇ ತೀರ್ಪಿನಲ್ಲಿ, ಆ ಹಕ್ಕುಗಳಲ್ಲಿ ಬಹುಪಾಲು ರಾಜ್ಯಗಳಿಗೂ ಅನ್ವಯವಾದವು. ವಿಪರೀತ ದಂಡದ ನಿಷೇಧ ರಾಜ್ಯಗಳಿಗೆ ಅನ್ವಯವಾದದ್ದು 2019ರಷ್ಟು ಈಚೆಗೆ.

ಹಾಳೆ ಮಾಡುವುದು

ಈಗ ಒಂದು ಉದ್ದನೆಯ ಹಾಳೆ ತೆಗೆದುಕೊಂಡು ನಾಲ್ಕು ಕಾಲಂ ಗೆರೆ ಹಾಕಿ. ವಿಷಯ; ಇಲ್ಲಿ ಯಾರದು, ಯಾವ ಪಟ್ಟಿ; ಅಲ್ಲಿ ಯಾರದು, ಯಾವ ಆಧಾರ; ಕೊನೆಯದರಲ್ಲಿ ಎರಡರ ನಡುವೆ ಎಲ್ಲಿ ಗೊಂದಲವಾಗುತ್ತದೆ ಅನ್ನುವುದು. ವಿಷಯಗಳನ್ನು ಪುಸ್ತಕದಿಂದ ಆರಿಸಬೇಡಿ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಸಿಗುವಷ್ಟೇ ಸಾಕು. ಮಾದರಿಗೆ ಕೆಲವು:

ಡ್ರೈವಿಂಗ್ ಲೈಸೆನ್ಸ್. ಇಲ್ಲಿ ಕಾನೂನು ಕೇಂದ್ರದ್ದು, 1988ರ ಮೋಟಾರು ವಾಹನ ಕಾಯ್ದೆ. ಕೊಡುವುದು ರಾಜ್ಯದ ಆರ್‌ಟಿಒ, ದಾವಣಗೆರೆಗೆ ಕೆಎ-17, ಚಿತ್ರದುರ್ಗಕ್ಕೆ ಕೆಎ-16. ಅಲ್ಲಿ ಕಾನೂನೂ ರಾಜ್ಯದ್ದು, ಕೊಡುವುದೂ ರಾಜ್ಯ. ಇದನ್ನು ಮೊದಲು ಬರೆಯಿರಿ ಅನ್ನಲು ಕಾರಣವಿದೆ. ಕಾನೂನು ಮಾಡುವವರು ಒಬ್ಬರು, ಜಾರಿ ಮಾಡುವವರು ಇನ್ನೊಬ್ಬರು ಅನ್ನುವ ನಮ್ಮ ಪದ್ಧತಿ ಅಲ್ಲಿ ಸಹಜವಲ್ಲ. ಅಲ್ಲಿ ಕೇಂದ್ರದ ಕಾನೂನಿಗೆ ಕೇಂದ್ರದ್ದೇ ಸಿಬ್ಬಂದಿ, ರಾಜ್ಯದ ಕಾನೂನಿಗೆ ರಾಜ್ಯದ್ದೇ ಸಿಬ್ಬಂದಿ ಅನ್ನುವುದು ಸಾಮಾನ್ಯ ನಿಯಮ.

ಕಳ್ಳತನ, ಕೊಲೆ. ಇಲ್ಲಿ ದೇಶಕ್ಕೆಲ್ಲ ಒಂದೇ ಭಾರತೀಯ ನ್ಯಾಯ ಸಂಹಿತೆ. ಅಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ದಂಡ ಸಂಹಿತೆ, ಅದರ ಮೇಲೆ ಕೇಂದ್ರದ ಪ್ರತ್ಯೇಕ ಅಪರಾಧಗಳು. ಮರಣದಂಡನೆ ಒಂದು ರಾಜ್ಯದಲ್ಲಿದೆ, ಪಕ್ಕದ ರಾಜ್ಯದಲ್ಲಿ ಇಲ್ಲ. ಒಂದೇ ಕೃತ್ಯಕ್ಕೆ ರಾಜ್ಯವೂ ಕೇಂದ್ರವೂ ಬೇರೆಬೇರೆ ಮೊಕದ್ದಮೆ ಹೂಡಬಹುದು. 2019ರ ಗ್ಯಾಂಬಲ್ ತೀರ್ಪು ಅದನ್ನು ಎತ್ತಿಹಿಡಿಯಿತು. ನಮ್ಮ ಸಿಬಿಐ ರಾಜ್ಯದೊಳಗೆ ತನಿಖೆ ಮಾಡಲು ರಾಜ್ಯದ ಸಮ್ಮತಿ ಬೇಕು, ಕರ್ನಾಟಕ ಆ ಸಾಮಾನ್ಯ ಸಮ್ಮತಿಯನ್ನು 2024ರ ಸೆಪ್ಟೆಂಬರ್‌ನಲ್ಲಿ ಹಿಂಪಡೆಯಿತು. ಎಫ್‌ಬಿಐಗೆ ಅಂಥ ಸಮ್ಮತಿ ಬೇಡ, ಆದರೆ ಅದು ಕೈಹಾಕುವುದು ಕೇಂದ್ರದ ಅಪರಾಧಗಳಿಗೆ.

ಆದಾಯ ತೆರಿಗೆ. ಚನ್ನಗಿರಿಯ ಅಡಿಕೆ ಬೆಳೆಗಾರರನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಇಲ್ಲಿ ಕೃಷಿ ಆದಾಯದ ಮೇಲಿನ ತೆರಿಗೆ ರಾಜ್ಯ ಪಟ್ಟಿಯ 46ನೇ ನಮೂದು, ಉಳಿದ ಆದಾಯದ ಮೇಲಿನದು ಕೇಂದ್ರದ್ದು. ಗೆರೆ ಎಳೆದು ಬೇರೆ ಮಾಡಿದ್ದಾರೆ. ಅಲ್ಲಿ ಒಬ್ಬನೇ ರೈತನ ಅದೇ ಆದಾಯದ ಮೇಲೆ ಕೇಂದ್ರವೂ ತೆರಿಗೆ ಹಾಕಬಹುದು, ರಾಜ್ಯವೂ ಹಾಕಬಹುದು. ಟೆಕ್ಸಾಸ್, ಫ್ಲಾರಿಡಾದಂಥ ಕೆಲವು ರಾಜ್ಯಗಳು ವ್ಯಕ್ತಿಗಳ ಮೇಲೆ ಹಾಕುವುದಿಲ್ಲ, ಅದು ಅವುಗಳ ಇಷ್ಟ. ಕೇಂದ್ರದ ಆದಾಯ ತೆರಿಗೆಗೆ ಆಧಾರ 1913ರ 16ನೇ ತಿದ್ದುಪಡಿ.

ಚುನಾವಣೆ. ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೆ ಜಿಲ್ಲಾಧಿಕಾರಿ ಚುನಾವಣಾಧಿಕಾರಿಯಾಗುತ್ತಾರೆ, ಮೇಲೆ ಭಾರತ ಚುನಾವಣಾ ಆಯೋಗ. ಅಲ್ಲಿ ಅಧ್ಯಕ್ಷೀಯ ಚುನಾವಣೆಯನ್ನೂ ನಡೆಸುವುದು ರಾಜ್ಯಗಳು, ಕೈಯಾರೆ ಕೆಲಸ ಮಾಡುವುದು ಕೌಂಟಿಗಳು. ಮತಪತ್ರದ ರೂಪ, ನೋಂದಣಿಯ ಗಡುವು, ಎಣಿಕೆಯ ಕ್ರಮ ಎಲ್ಲ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನವೆಂಬರ್‌ನಲ್ಲಿ ಅಲ್ಲಿನ ಎಣಿಕೆ ಒಂದು ರಾಜ್ಯದಲ್ಲಿ ರಾತ್ರಿಯೇ ಮುಗಿದು ಇನ್ನೊಂದರಲ್ಲಿ ದಿನಗಟ್ಟಲೆ ನಡೆಯುವುದು ಇದಕ್ಕೇ.

ಇಂಥ 12 ವಿಷಯ ತುಂಬಿದರೆ ಹಾಳೆ ಸಾಕು. ಅಂಚೆ, ನೋಟು ಮತ್ತು ನಾಣ್ಯ, ಮದುವೆ, ಶಾಲೆ, ವಲಸೆ ಇವನ್ನು ನೀವೇ ತುಂಬಿ ನೋಡಿ. ಮದುವೆಯ ಸಾಲಿನಲ್ಲಿ ‘ರಾಜ್ಯದ ಕಾನೂನು, ಆದರೆ 14ನೇ ತಿದ್ದುಪಡಿಯ ಮಿತಿಯೊಳಗೆ’ ಅಂತ ಬರೆಯಲು ಮರೆಯಬೇಡಿ.

ಐದು ಪ್ರಶ್ನೆಗಳು, ಒಂದು ಗೋಧಿ ಹೊಲ

ಯಾವುದೇ ಕಾನೂನು ಎದುರಿಗೆ ಬಂದರೆ ಈ ಕ್ರಮದಲ್ಲೇ ಕೇಳಿ. ಒಂದು, ಅಧಿಕಾರ 8ನೇ ಸೆಕ್ಷನ್‌ನ ಪಟ್ಟಿಯಲ್ಲಿದೆಯೇ? ಎರಡು, ಇಲ್ಲದಿದ್ದರೆ ಪಟ್ಟಿಯ ಯಾವುದಾದರೂ ಅಧಿಕಾರಕ್ಕೆ ಸಾಧನವಾಗಿ ಬರುತ್ತದೆಯೇ? ಮೂರು, ಬಂದರೂ ಯಾವುದಾದರೂ ನಿಷೇಧ ಅಡ್ಡ ಇದೆಯೇ? ನಾಲ್ಕು, ರಾಜ್ಯದ ಕಾನೂನಿಗೂ ಇದಕ್ಕೂ ಡಿಕ್ಕಿಯಾಗುತ್ತದೆಯೇ? ಐದು, ಕೇಂದ್ರ ಜನರಿಗೆ ಆಜ್ಞೆ ಮಾಡುತ್ತಿದೆಯೋ, ರಾಜ್ಯ ಸರ್ಕಾರಕ್ಕೇ ಆಜ್ಞೆ ಮಾಡುತ್ತಿದೆಯೋ?

ಕ್ರಮ ತಪ್ಪಿಸಬಾರದು. ನಾಲ್ಕನೆಯದನ್ನು ಮೊದಲು ಕೇಳಿದವರು ‘ಡಿಕ್ಕಿಯಾದರೆ ಕೇಂದ್ರದ್ದೇ ಗೆಲ್ಲುತ್ತದೆ’ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. 6ನೇ ಆರ್ಟಿಕಲ್ ಪಾರಮ್ಯ ಕೊಟ್ಟಿರುವುದು ಸಂವಿಧಾನಕ್ಕೆ ಅನುಗುಣವಾಗಿ ಮಾಡಿದ ಕಾನೂನಿಗೆ ಮಾತ್ರ. ಪಹಣಿಯೇ ಇಲ್ಲದ ಹೊಲಕ್ಕೆ ಬೇಲಿ ಹಾಕಿದರೆ ಬೇಲಿ ಎಷ್ಟು ಗಟ್ಟಿ ಅನ್ನುವ ಪ್ರಶ್ನೆ ಬರುವುದಿಲ್ಲ.

ಎರಡನೇ ಪ್ರಶ್ನೆ ಎಷ್ಟು ಹಿಗ್ಗಬಲ್ಲದು ಅನ್ನುವುದಕ್ಕೆ ಒಹಾಯೊ ರಾಜ್ಯದ ಒಂದು ಹೊಲ ಸಾಕು. 1938ರ ಕೃಷಿ ಕಾಯ್ದೆಯಡಿ ಗೋಧಿ ಬೆಲೆ ಕುಸಿಯದಂತೆ ಕೇಂದ್ರ ಪ್ರತಿ ರೈತನಿಗೂ ಬಿತ್ತನೆಯ ಮಿತಿ ಹಾಕಿತ್ತು. ರಾಸ್ಕೊ ಫಿಲ್ಬರ್ನ್ ಅನ್ನುವ ರೈತನ ಪಾಲಿಗೆ ಬಂದದ್ದು 11.1 ಎಕರೆ. ಬಿತ್ತಿದ್ದು 23. ಹೆಚ್ಚುವರಿ 11.9 ಎಕರೆಯಲ್ಲಿ ಬಂದ 239 ಬುಶೆಲ್ (ಅಲ್ಲಿ ಕಾಳು ಅಳೆಯುವ ಅಳತೆ) ಗೋಧಿಗೆ ಬುಶೆಲ್‌ಗೆ 49 ಸೆಂಟ್‌ನಂತೆ 117 ಡಾಲರ್ 11 ಸೆಂಟ್ ದಂಡ ಬಿತ್ತು. ಹೆಚ್ಚುವರಿ ಗೋಧಿ ನನ್ನ ದನ-ಕೋಳಿಗೆ, ನನ್ನ ಮನೆ ಹಿಟ್ಟಿಗೆ, ನನ್ನ ಬೀಜಕ್ಕೆ ಅಂದ ಫಿಲ್ಬರ್ನ್. ಮಂಡಿಗೇ ಹೋಗದ ಕಾಳು ರಾಜ್ಯ-ರಾಜ್ಯಗಳ ನಡುವಿನ ವ್ಯಾಪಾರ ಹೇಗಾಗುತ್ತದೆ ಅನ್ನುವುದು ಅವನ ವಾದ.

1942ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವನ ವಿರುದ್ಧ ತೀರ್ಪು ಕೊಟ್ಟಿತು. ತರ್ಕ ಹೀಗೆ: ಮನೆಯಲ್ಲೇ ಬೆಳೆದುಕೊಂಡವನು ಮಾರುಕಟ್ಟೆಯಲ್ಲಿ ಕೊಳ್ಳುವುದಿಲ್ಲ, ಒಬ್ಬ ಕೊಳ್ಳದಿದ್ದರೆ ಏನೂ ಅಲ್ಲ, ಅವನಂಥ ಸಾವಿರಾರು ಜನ ಕೊಳ್ಳದಿದ್ದರೆ ದೇಶದ ಬೆಲೆಯೇ ಅಲುಗುತ್ತದೆ. ಒಟ್ಟುಗೂಡಿಸಿ ನೋಡಿದ ಪರಿಣಾಮ ಲೆಕ್ಕಕ್ಕೆ. ಮೆಕ್ಕೆಜೋಳದ ಲಾರಿಗಳು ಸಾಲುಗಟ್ಟುವ ದಾವಣಗೆರೆ ಎಪಿಎಂಸಿ ಕಂಡವರಿಗೆ ಈ ತರ್ಕದ ಅರ್ಥಶಾಸ್ತ್ರ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಕೃಷಿ ರಾಜ್ಯ ಪಟ್ಟಿಯ 14ನೇ ನಮೂದು; ಆದರೂ 2020ರ ಕೃಷಿ ಕಾಯ್ದೆಗಳಿಗೆ ಕೇಂದ್ರ ಸಮವರ್ತಿ ಪಟ್ಟಿಯ 33ನೇ ನಮೂದನ್ನು, ಆಹಾರ ಪದಾರ್ಥಗಳ ವ್ಯಾಪಾರವನ್ನು, ಆಧಾರ ಮಾಡಿಕೊಂಡಿತು, 2021ರಲ್ಲಿ ಹಿಂಪಡೆಯಿತು. ಎರಡೂ ಕಡೆ ಕೇಂದ್ರ ಹೊಲಕ್ಕೆ ಇಳಿದದ್ದು ‘ವ್ಯಾಪಾರ’ ಅನ್ನುವ ಕಾಲುದಾರಿಯಲ್ಲೇ.

ಹಾಗಾದರೆ ಆ ದಾರಿಗೆ ಕೊನೆ ಇಲ್ಲವೇ? ಇದೆ. 1995ರ ಲೋಪೆಜ್ ಪ್ರಕರಣದಲ್ಲಿ, ಶಾಲೆಯ ಆವರಣದಲ್ಲಿ ಬಂದೂಕು ಹಿಡಿಯುವುದನ್ನು ಅಪರಾಧ ಮಾಡಿದ್ದ ಕೇಂದ್ರದ ಕಾಯ್ದೆಯನ್ನು 5-4ರಿಂದ ಹೊಡೆದುಹಾಕಿದರು. ಬಂದೂಕು ಹಿಡಿದು ಶಾಲೆಗೆ ಬರುವುದು ಆರ್ಥಿಕ ಚಟುವಟಿಕೆಯಲ್ಲ ಅನ್ನುವುದು ಕಾರಣ. ಆದರೆ 2005ರ ರೈಚ್ ತೀರ್ಪಿನಲ್ಲಿ, ಕ್ಯಾಲಿಫೋರ್ನಿಯಾ ಕಾನೂನು ಒಪ್ಪಿದ್ದರೂ, ಔಷಧಿಗೆಂದು ಮನೆಯಲ್ಲಿ ಬೆಳೆದ ಗಾಂಜಾ ಮತ್ತೆ ಕೇಂದ್ರದ ಕೈಗೆ ಬಂತು. ಫಿಲ್ಬರ್ನ್, ಲೋಪೆಜ್, ರೈಚ್ ಮೂರನ್ನೂ ವರ್ಷದ ಸಮೇತ ಒಟ್ಟಿಗೆ ಬರೆಯಿರಿ. ಒಂದನ್ನೇ ಬರೆದರೆ ಚಿತ್ರ ಓರೆಯಾಗುತ್ತದೆ.

ಆಜ್ಞೆ ಬೇರೆ, ಆಮಿಷ ಬೇರೆ

ಐದನೇ ಪ್ರಶ್ನೆ ನಮ್ಮವರಿಗೆ ಅತ್ಯಂತ ಅಪರಿಚಿತ. ನಮ್ಮ 256, 257ನೇ ವಿಧಿಗಳಲ್ಲಿ ಕೇಂದ್ರ ರಾಜ್ಯಕ್ಕೆ ನಿರ್ದೇಶನ ಕೊಡಬಹುದು. ಅಲ್ಲಿ ಕೊಡುವಂತಿಲ್ಲ. ಬಂದೂಕು ಕೊಳ್ಳುವವರ ಹಿನ್ನೆಲೆ ಪರಿಶೀಲನೆಯನ್ನು ಸ್ಥಳೀಯ ಶೆರಿಫ್‌ಗಳೇ ಮಾಡಬೇಕು ಅಂದಿತ್ತು 1993ರ ಬ್ರೇಡಿ ಕಾಯ್ದೆ. 1997ರ ಪ್ರಿಂಟ್ಜ್ ತೀರ್ಪು ಅದನ್ನು ತೆಗೆದುಹಾಕಿತು. ಕಾನೂನು ನಿಮ್ಮದಾದರೆ ನಿಮ್ಮ ಆಳುಗಳಿಂದ ಮಾಡಿಸಿ, ರಾಜ್ಯದ ಆಳುಗಳನ್ನು ಬಿಟ್ಟಿ ಚಾಕರಿಗೆ ಎಳೆಯಬೇಡಿ ಅನ್ನುವ ತಾತ್ಪರ್ಯ.

ಆದರೆ ಹಣ ತೋರಿಸಿ ಒಪ್ಪಿಸಬಹುದು. ಕುಡಿಯುವ ವಯಸ್ಸು ನಿಗದಿ ಮಾಡುವುದು ರಾಜ್ಯದ ಕೆಲಸ. 1984ರಲ್ಲಿ ಅಮೆರಿಕದ ಕಾಂಗ್ರೆಸ್, 21ಕ್ಕಿಂತ ಕಡಿಮೆ ಇಟ್ಟ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಶೇ 5 ಕಡಿತ ಅಂದಿತು. 19 ತುಂಬಿದವರಿಗೆ ಕಡಿಮೆ ಮದ್ಯಾಂಶದ ಬಿಯರ್ ಮಾರಲು ಬಿಟ್ಟಿದ್ದ ಸೌತ್ ಡಕೋಟ ಕೋರ್ಟಿಗೆ ಹೋಗಿ 1987ರಲ್ಲಿ ಸೋತಿತು. ಷರತ್ತು ಸ್ಪಷ್ಟವಾಗಿದೆ, ಹಣದ ಉದ್ದೇಶಕ್ಕೆ ಸಂಬಂಧಿಸಿದೆ, ಒತ್ತಾಯ ಅನ್ನುವಷ್ಟು ದೊಡ್ಡದಲ್ಲ ಅಂದಿತು ಕೋರ್ಟ್. 2012ರಲ್ಲಿ ಲೆಕ್ಕ ತಿರುಗಿತು. ಬಡವರ ಆರೋಗ್ಯ ವಿಮೆ ಮೆಡಿಕೇಡ್ ಅನ್ನು ವಿಸ್ತರಿಸದ ರಾಜ್ಯಕ್ಕೆ ಹಳೆಯ ಮೆಡಿಕೇಡ್ ಹಣವನ್ನೂ ನಿಲ್ಲಿಸಬಹುದು ಅನ್ನುವ ಷರತ್ತು 7-2ರಿಂದ ಬಿತ್ತು. ಸೌತ್ ಡಕೋಟ ಕಳೆದುಕೊಳ್ಳುತ್ತಿದ್ದುದು ತನ್ನ ಬಜೆಟ್‌ನ ಶೇ ಅರ್ಧಕ್ಕಿಂತ ಕಡಿಮೆ. ಮೆಡಿಕೇಡ್‌ನಲ್ಲಿ ಶೇ 10ಕ್ಕಿಂತ ಹೆಚ್ಚು. ಈ ಎರಡು ಅಂಕಿ ಪಕ್ಕಪಕ್ಕ ಬರೆದರೆ ವಿವರಣೆಗೆ ಇನ್ನೊಂದು ಪ್ಯಾರಾ ಬೇಕಾಗುವುದಿಲ್ಲ.

ಇಲ್ಲಿಯ ಜೋಡಿಗೆ ದೂರ ಹುಡುಕಬೇಡಿ. 2016ರ ಜನವರಿಯ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆ ಇತ್ತು. ನಗರಾಡಳಿತ ರಾಜ್ಯದ ವಿಷಯ. ಆದರೂ ಕೇಂದ್ರದ ಪಾಲಿಗೆ ಸಮನಾಗಿ ರಾಜ್ಯ ಮತ್ತು ಪಾಲಿಕೆ ಹಾಕಬೇಕು, ಪ್ರತ್ಯೇಕ ಕಂಪನಿ ರಚಿಸಬೇಕು ಅನ್ನುವ ಷರತ್ತುಗಳೊಂದಿಗೆ ಹಣ ಬಂತು. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023-24ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿಯ ಜಟಾಪಟಿ ಚಿತ್ರದುರ್ಗದವರಿಗೆ ಗೊತ್ತೇ ಇದೆ. ಅಧಿಕಾರದ ಪಟ್ಟಿ ಏನೇ ಹೇಳಲಿ, ಥೈಲಿ ಯಾರ ಕೈಲಿದೆ ಅನ್ನುವುದು ಎರಡೂ ದೇಶಗಳಲ್ಲಿ ಅಷ್ಟೇ ದೊಡ್ಡ ಪ್ರಶ್ನೆ.

ನೀರಿನ ವಿಷಯಕ್ಕೆ ಒಂದೇ ಮಾತು. ಇಲ್ಲಿ ಕೃಷ್ಣಾ ಕಣಿವೆಯ ತಗಾದೆ 262ನೇ ವಿಧಿಯಡಿ ನ್ಯಾಯಮಂಡಳಿಗೆ. ಅಲ್ಲಿ ಒಂದೋ ರಾಜ್ಯಗಳು ತಾವೇ ಕರಾರು ಮಾಡಿಕೊಂಡು ಅಮೆರಿಕದ ಕಾಂಗ್ರೆಸ್ಸಿನ ಒಪ್ಪಿಗೆ ಪಡೆಯುತ್ತವೆ, 7 ರಾಜ್ಯಗಳ 1922ರ ಕೊಲರಾಡೊ ನದಿ ಕರಾರಿನಂತೆ. ಇಲ್ಲವೇ ನೇರ ಸುಪ್ರೀಂ ಕೋರ್ಟಿಗೆ ಹೋಗುತ್ತವೆ.

ಗಡಿ ಮತ್ತು ಊರು

1997ರಲ್ಲಿ ಚಿತ್ರದುರ್ಗದಿಂದ ಬೇರೆ ಮಾಡಿ ದಾವಣಗೆರೆ ಜಿಲ್ಲೆ ರಚಿಸಿದ್ದು ರಾಜ್ಯ ಸರ್ಕಾರ. ಬಳ್ಳಾರಿಯ ಹರಪನಹಳ್ಳಿ ಬಂತು, ಆಮೇಲೆ ವಾಪಸ್ ಹೋಯಿತು. ದೆಹಲಿಯನ್ನು ಕೇಳಬೇಕಾಗಿರಲಿಲ್ಲ. ಅಮೆರಿಕದಲ್ಲೂ ಕೌಂಟಿ, ನಗರ ಎಲ್ಲ ರಾಜ್ಯದ ಕೂಸುಗಳು; ಫೆಡರಲ್ ಸಂವಿಧಾನದಲ್ಲಿ ಅವುಗಳ ಹೆಸರೇ ಇಲ್ಲ. ರಾಜ್ಯ ಬಾಯಿಬಿಟ್ಟು ಕೊಟ್ಟಷ್ಟೇ ಅಧಿಕಾರ ಊರಿಗೆ ಅನ್ನುವುದನ್ನು ಡಿಲನ್ ನಿಯಮ ಅನ್ನುತ್ತಾರೆ, 1868ರ ಅಯೋವ ತೀರ್ಪಿನಿಂದ ಬಂದದ್ದು. ಅದಕ್ಕೆ ಎದುರಾಗಿ ಹಲವು ರಾಜ್ಯಗಳು ‘ಹೋಮ್ ರೂಲ್’, ಅಂದರೆ ಊರು ತನ್ನ ವ್ಯವಹಾರ ತಾನೇ ನೋಡಿಕೊಳ್ಳುವ ಅಧಿಕಾರ, ಕೊಟ್ಟಿವೆ. ಈ ಮಟ್ಟದಲ್ಲಿ ನಾವು ಒಂದು ಹೆಜ್ಜೆ ಮುಂದೆ: 73, 74ನೇ ತಿದ್ದುಪಡಿಗಳು ಪಂಚಾಯ್ತಿ, ಪುರಸಭೆಗಳನ್ನು ಸಂವಿಧಾನದೊಳಕ್ಕೇ ತಂದವು.

ರಾಜ್ಯದ ಗಡಿಗೆ ಬಂದರೆ ಲೆಕ್ಕ ಬೇರೆ. ನಮ್ಮ 3ನೇ ವಿಧಿಯಲ್ಲಿ ಸಂಸತ್ತು ಸರಳ ಬಹುಮತದಿಂದ ರಾಜ್ಯ ಒಡೆಯಬಹುದು, ವಿಧಾನಸಭೆಯ ಅಭಿಪ್ರಾಯ ಕೇಳಿದರೆ ಸಾಕು. ಆಂಧ್ರದ ವಿಧಾನಸಭೆ ಮಸೂದೆಯನ್ನು ತಿರಸ್ಕರಿಸಿದ ಮೇಲೂ 2014ರಲ್ಲಿ ತೆಲಂಗಾಣ ಆಯಿತು. ಅಲ್ಲಿ 4ನೇ ಆರ್ಟಿಕಲ್ ಪ್ರಕಾರ ಆ ರಾಜ್ಯದ ಶಾಸನಸಭೆ ಒಪ್ಪಲೇಬೇಕು. ಮ್ಯಾಸಚೂಸೆಟ್ಸ್ ಒಪ್ಪಿದ್ದರಿಂದ 1820ರಲ್ಲಿ ಮೇನ್ ಬೇರೆಯಾಯಿತು. ಹಾಗಂತ ರಾಜ್ಯ ಒಕ್ಕೂಟ ಬಿಟ್ಟು ಹೋಗಬಹುದು ಅಂತ ಬರೆಯಬೇಡಿ. 1869ರ ಟೆಕ್ಸಾಸ್ ವಿರುದ್ಧ ವೈಟ್ ತೀರ್ಪು ಆ ಬಾಗಿಲು ಹಾಕಿದೆ.

ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿಯ ಜತೆ ಹೋಲಿಸಿ ಅಂದರೆ ಕರ್ನಾಟಕದವರಿಗೆ ಉದಾಹರಣೆ ಕೈಯಲ್ಲೇ ಇದೆ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ, 1994ರಲ್ಲಿ 9 ನ್ಯಾಯಮೂರ್ತಿಗಳ ಪೀಠದ ತೀರ್ಪು: ಬಹುಮತ ಪರೀಕ್ಷೆಯಾಗಬೇಕಾದದ್ದು ಸದನದಲ್ಲಿ. ಅಮೆರಿಕದಲ್ಲಿ ಇದರ ಜೋಡಿ ಇಲ್ಲ. 1957ರಲ್ಲಿ ಲಿಟಲ್ ರಾಕ್ ಶಾಲೆಗೆ ಕಪ್ಪು ವಿದ್ಯಾರ್ಥಿಗಳನ್ನು ಬಿಡದ ಅರ್ಕಾನ್ಸಾಸ್ ಗವರ್ನರ್ ಫೋಬಸ್ ವಿರುದ್ಧ ಅಧ್ಯಕ್ಷ ಐಸೆನ್‌ಹೋವರ್ ಭೂಸೇನೆಯ 101ನೇ ಏರ್‌ಬೋರ್ನ್ ಡಿವಿಷನ್ನಿನ ಸೈನಿಕರನ್ನು ಕಳಿಸಿದರು, ರಾಜ್ಯದ ಮೀಸಲು ಪಡೆಯಾದ ನ್ಯಾಷನಲ್ ಗಾರ್ಡ್ ಅನ್ನು ಕೇಂದ್ರದ ಅಧೀನಕ್ಕೆ ತಂದರು. ಮಕ್ಕಳು ಶಾಲೆಯೊಳಗೆ ಹೋದರು. ಫೋಬಸ್ ಮಾತ್ರ ಗವರ್ನರ್ ಆಗಿಯೇ ಉಳಿದರು, ಮುಂದೆ ಮತ್ತೆ ಗೆದ್ದರು ಕೂಡ.

ಉತ್ತರಕ್ಕೆ ಕೂತಾಗ

ಮೊದಲ ಸಾಲಿನಲ್ಲೇ ಪಹಣಿಯ ಮಾತು ಬರಲಿ: ಕೇಂದ್ರದ್ದು ಎಣಿಸಿದ ಅಧಿಕಾರ, ಉಳಿದದ್ದು ರಾಜ್ಯದ್ದು, ಆಧಾರ 1ನೇ ಆರ್ಟಿಕಲ್ 8ನೇ ಸೆಕ್ಷನ್ ಮತ್ತು 10ನೇ ತಿದ್ದುಪಡಿ. ಎರಡನೇ ಪ್ಯಾರಾದಲ್ಲಿ ಮೆಕಲಕ್. ಮೂರನೆಯದರಲ್ಲಿ ವ್ಯಾಪಾರದ ಮೂರು ಪ್ರಕರಣ. ನಾಲ್ಕನೆಯದರಲ್ಲಿ ಪ್ರಿಂಟ್ಜ್ ಮತ್ತು ಹಣದ ಷರತ್ತು. ಅಲ್ಲಿನ ಮೇಲ್ಮನೆ ಸೆನೆಟ್ ಬಗ್ಗೆ ಒಂದು ಸಾಲು ಸಾಕು: ಜನಸಂಖ್ಯೆಯಲ್ಲಿ ದೊಡ್ಡ ಕ್ಯಾಲಿಫೋರ್ನಿಯಾಕ್ಕೂ ಚಿಕ್ಕ ವಯೋಮಿಂಗ್‌ಗೂ ತಲಾ 2 ಸ್ಥಾನ, ನಮ್ಮ ರಾಜ್ಯಸಭೆಯಲ್ಲಿ ಜನಸಂಖ್ಯೆಯಂತೆ. ತಿದ್ದುಪಡಿಗೆ 50ರಲ್ಲಿ 38 ರಾಜ್ಯಗಳ ಅನುಮೋದನೆ ಬೇಕು ಅನ್ನುವುದನ್ನು ಅಂಕಿಯಲ್ಲೇ ಬರೆಯಿರಿ, ‘ಕಠಿಣ ವಿಧಾನ’ ಅಂತ ತೇಲಿಸಬೇಡಿ.

ಎರಡು ತತ್ವ ಬೆರೆಸುವುದು ಬಹಳ ಕಂಡುಬರುವ ತಪ್ಪು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಬೇರೆ ಮಾಡುವುದು ಅಧಿಕಾರ ಪ್ರತ್ಯೇಕತೆ, ಅದು ಅಡ್ಡ ಗೆರೆ. ಕೇಂದ್ರ-ರಾಜ್ಯ ಹಂಚಿಕೆ ಉದ್ದ ಗೆರೆ. ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನು ಕೋರ್ಟ್ ರದ್ದು ಮಾಡಬಹುದು ಅಂದ ಮಾರ್ಬರಿ ವಿರುದ್ಧ ಮ್ಯಾಡಿಸನ್ 1803 ಮೊದಲನೆಯದಕ್ಕೆ ಸೇರಿದ್ದು. ಅದನ್ನು ಒಕ್ಕೂಟದ ಉತ್ತರದಲ್ಲಿ ತುರುಕಿದರೆ ಓದದೆ ಬರೆದಿದ್ದೀರಿ ಅನ್ನುವುದು ತಕ್ಷಣ ಗೊತ್ತಾಗುತ್ತದೆ.

ಹಾಳೆ ತುಂಬಿದ ಮೇಲೆ ಕೈ ಪಳಗಿದೆಯೇ ಅಂತ ನೋಡಲು ಇದೊಂದನ್ನು ಮಾಡಿ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ರಾಜ್ಯ ಕೊಟ್ಟ ಕಾವಲು ಭೂಮಿಯಲ್ಲಿ ಡಿಆರ್‌ಡಿಒ, ಇಸ್ರೊದಂಥ ಕೇಂದ್ರದ ಸಂಸ್ಥೆಗಳಿವೆ. ಅಂಥ ಆವರಣದೊಳಗೆ ಒಂದು ಬೈಕ್ ಕಳುವಾಯಿತು ಅಂದುಕೊಳ್ಳಿ. ಇಲ್ಲಿ ದೂರು ಹೋಗುವುದು ಹತ್ತಿರದ ರಾಜ್ಯ ಪೊಲೀಸ್ ಠಾಣೆಗೆ, ಕಾನೂನು ನ್ಯಾಯ ಸಂಹಿತೆ. ಇದೇ ಅಮೆರಿಕದಲ್ಲಾದರೆ? 8ನೇ ಸೆಕ್ಷನ್‌ನ 17ನೇ ಉಪವಿಧಿ ತೆಗೆಯಿರಿ: ರಾಜ್ಯದ ಶಾಸನಸಭೆಯ ಒಪ್ಪಿಗೆಯಿಂದ ಕೋಟೆ, ಶಸ್ತ್ರಾಗಾರಗಳಿಗೆ ಕೊಂಡ ಜಾಗದ ಮೇಲೆ ಪೂರ್ತಿ ಅಧಿಕಾರ ಕೇಂದ್ರಕ್ಕೆ. ಮೊಕದ್ದಮೆ ಫೆಡರಲ್ ಕೋರ್ಟಿನಲ್ಲಿ. ಆ ಕೃತ್ಯಕ್ಕೆ ಕೇಂದ್ರದ ಕಾನೂನಿನಲ್ಲಿ ಸೂಕ್ತ ಅಪರಾಧವೇ ಇಲ್ಲದಿದ್ದರೆ, ಸುತ್ತಲಿನ ರಾಜ್ಯದ ದಂಡ ಸಂಹಿತೆಯನ್ನೇ ಎರವಲು ಪಡೆದು ಶಿಕ್ಷೆ ಕೊಡುತ್ತಾರೆ. ಅದಕ್ಕೆಂದೇ ಒಂದು ಕಾಯ್ದೆ ಇದೆ, ಮೊದಲು ಮಾಡಿದ್ದು 1825ರಲ್ಲಿ.